ಡಾರ್ವಿನ್ ಪಾಠಕ್ಕೆ ತಕರಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣ ಪೂರ್ತಿ ಒಂದೇ ವಿಷಯಕ್ಕೆ ಮೀಸಲು: ಶಾಲೆಯಲ್ಲಿ ಜೀವವಿಕಾಸ ಕಲಿಸುವುದು, ಅದಕ್ಕೆ ಮನೆಯಿಂದಲೂ ಊರಿಂದಲೂ ಬರುವ ಆಕ್ಷೇಪ. ಒಂದೇ ಧಾಟಿಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಕೇಳಿದವರ ಹೆಸರು ಬೇಕೆಂದೇ ಬಿಟ್ಟಿದ್ದೇವೆ.

ಮಗಳು ಸಿಬಿಎಸ್‌ಇ ಹತ್ತನೇ ತರಗತಿ. ಅಣ್ಣನ ಹಳೇ ವಿಜ್ಞಾನ ಪುಸ್ತಕದಲ್ಲಿ ಡಾರ್ವಿನ್ ಇದ್ದಾನೆ, ಇವಳ ಪುಸ್ತಕದಲ್ಲಿ ಇಲ್ಲ. ಜೀವವಿಕಾಸ ಕಲಿಸುವುದನ್ನೇ ನಿಷೇಧಿಸಿದ್ದಾರಾ?
— ಪೋಷಕರು, ಮೈಸೂರು

ನಿಷೇಧ ಅಂತ ಏನೂ ಇಲ್ಲ. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವ ಹೆಸರಲ್ಲಿ ಈ ಪಠ್ಯಪುಸ್ತಕ ತಯಾರಿಸುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯ ಕಡಿತದ ಪಟ್ಟಿ ಹೊರಡಿಸಿತು. 2023–24ರ ಪುಸ್ತಕ ಅದರಂತೆಯೇ ಅಚ್ಚಾಯಿತು. ಹಳೆಯ ಒಂಬತ್ತನೇ ಅಧ್ಯಾಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಈಗ ಎಂಟನೇ ಅಧ್ಯಾಯ, ಹೆಸರು ಬರೀ ‘ಅನುವಂಶೀಯತೆ’. ಮೆಂಡೆಲ್‌ನ ಬಟಾಣಿ ಪ್ರಯೋಗ ಉಳಿಯಿತು, ಲಿಂಗ ನಿರ್ಧಾರ ಉಳಿಯಿತು. ಬೇರೆ ಬೇರೆ ಬಣ್ಣದ ಜೀರುಂಡೆಗಳಲ್ಲಿ ಯಾವುದು ಉಳಿಯುತ್ತದೆ ಎಂಬ ಉದಾಹರಣೆ, ಗಳಿಸಿದ ಗುಣ ಮತ್ತು ಹುಟ್ಟಿನಿಂದ ಬಂದ ಗುಣಗಳ ವ್ಯತ್ಯಾಸ, ಹೊಸ ಪ್ರಭೇದ ಹುಟ್ಟುವ ಬಗೆ, ಪಳೆಯುಳಿಕೆ, ಮಾನವ ವಿಕಾಸ, ಡಾರ್ವಿನ್ ಪರಿಚಯದ ಚೌಕ ಎಲ್ಲ ಹೋದವು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಇದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು.

ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಜೀವವಿಕಾಸ ಪೂರ್ತಿ ಅಧ್ಯಾಯವಾಗಿ ಇದೆ, ಆರನೆಯದು. ‘ಅಲ್ಲಿ ಓದುತ್ತಾರಲ್ಲ’ ಅನ್ನುವವರಿಗೆ ಉತ್ತರ ಸುಲಭ. ಹತ್ತು ಮುಗಿಸಿ ಕಾಮರ್ಸಿಗೋ ಆರ್ಟ್ಸಿಗೋ ಐಟಿಐಗೋ ಹೋಗುವ ಮಗು, ಸೈನ್ಸ್ ತಗೊಂಡರೂ ಬಯಾಲಜಿ ಬಿಡುವ ಮಗು, ಅಲ್ಲಿಗೆ ತಲುಪುವುದೇ ಇಲ್ಲ. ಹೊರೆಯ ಮಾತನ್ನೂ ನಾವು ಒಪ್ಪುವುದಿಲ್ಲ. ತೆಗೆದ ಭಾಗ ಆ ಪುಸ್ತಕದ ಅತಿ ಸಲೀಸಾದ ಓದುಗಳಲ್ಲೊಂದು. ಉಳಿಸಿಕೊಂಡ ಎಷ್ಟೋ ಲೆಕ್ಕಾಚಾರಗಳಿಗಿಂತ ಹಗುರ.

ಅಣ್ಣನ ಪುಸ್ತಕ ಮನೆಯಲ್ಲೇ ಇರುವುದು ಒಳ್ಳೆಯದಾಯಿತು. ಮೊದಲು ಹೊಸ ಪುಸ್ತಕದಲ್ಲಿ ‘ಭಿನ್ನತೆಗಳು’ ಭಾಗ ಓದಿಸಿ, ಆಮೇಲೆ ಹಳೆಯದರ ಜೀರುಂಡೆ ಕಥೆ, ನಂತರ ಕಾಡು ಕೋಸಿನ ಚಿತ್ರ. ಆ ಚಿತ್ರಕ್ಕೆ ತರಕಾರಿ ಅಂಗಡಿಯೇ ಸಾಕು. ಎಲೆಕೋಸು, ಹೂಕೋಸು, ನವಿಲುಕೋಸು ಒಂದೊಂದು ತಂದು ಪಕ್ಕಪಕ್ಕ ಇಟ್ಟು ಉದ್ದಕ್ಕೆ ಸೀಳಿ. ಎಲೆಕೋಸು ಅಂದರೆ ತುದಿಯ ಮೊಗ್ಗಿನ ಎಲೆಗಳು ಒತ್ತಾಗಿ ಕೂಡಿದ್ದು, ಹೂಕೋಸು ಅಂದರೆ ಹೂಗೊಂಚಲು ಅರಳದೆ ನಿಂತಿದ್ದು, ನವಿಲುಕೋಸು ಅಂದರೆ ಉಬ್ಬಿದ ಕಾಂಡ. ಅದರ ಮೈಮೇಲೆ ಎಲೆ ಉದುರಿದ ಗುರುತು ಕಾಣುತ್ತದೆ. ಮೂರೂ ಒಂದೇ ಪ್ರಭೇದ. ಹೂ ಬಿಡಲು ಬಿಟ್ಟರೆ ಮೂರರಲ್ಲೂ ನಾಲ್ಕು ಎಸಳಿನ ಹೂವೇ ಬರುತ್ತದೆ, ಒಂದರೊಡನೆ ಒಂದು ಪರಾಗಸ್ಪರ್ಶವಾಗಿ ಬೀಜ ಕಟ್ಟುತ್ತದೆ. ರೈತರು ಬೇಕಾದ ಗಿಡದ ಬೀಜ ಮಾತ್ರ ಉಳಿಸುತ್ತ ಬಂದು ಇಷ್ಟು ದೂರ ಎಳೆದರು. ಗಳಿಸಿದ ಗುಣದ ಪ್ರಶ್ನೆಗೆ ಮಗಳ ಕಿವಿಯೇ ಸಾಕ್ಷಿ: ಎಷ್ಟು ತಲೆಮಾರು ಕಿವಿ ಚುಚ್ಚಿದರೂ ತೂತಿನ ಕಿವಿಯ ಮಗು ಹುಟ್ಟಿಲ್ಲ.

ರಾಜ್ಯ ಪಠ್ಯಕ್ರಮದವರು ಈ ಸಾಲಿನ ಮುದ್ರಣವನ್ನೇ ತೆರೆದು ನೋಡಿ. ಹಳೆಯ ಗೈಡು ನಂಬಿ ಕೂರಬೇಡಿ.

ಸರ್ಕಾರಿ ಪ್ರೌಢಶಾಲೆ, ತರಗತಿಯಲ್ಲಿ 45 ಮಕ್ಕಳು, ಲ್ಯಾಬ್ ಹೆಸರಿಗೆ ಮಾತ್ರ. ನೈಸರ್ಗಿಕ ಆಯ್ಕೆಯನ್ನು ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಮರುದಿನ ಕೇಳಿದರೆ ‘ಜಿರಾಫೆ ಕತ್ತು ಚಾಚಿ ಚಾಚಿ ಉದ್ದವಾಯಿತು’ ಅನ್ನುತ್ತಾರೆ. ಮಾಡಿ ತೋರಿಸುವಂಥದ್ದು ಏನಾದರೂ ಇದೆಯೇ?
— ವಿಜ್ಞಾನ ಶಿಕ್ಷಕಿ, ರಾಯಚೂರು ಜಿಲ್ಲೆ

ಇದೆ. ಬಣ್ಣದ ಕಾಗದ, ಪಂಚಿಂಗ್ ಮಷೀನು, ಹೂವಿನ ಚಿತ್ತಾರದ ಬಟ್ಟೆ ಇದ್ದರೆ ಸಾಕು.

ಒಂದೊಂದು ಗುಂಪಿಗೆ ಒಂಬತ್ತು ಮಕ್ಕಳಂತೆ ಐದು ಗುಂಪು ಮಾಡಿ. ಪ್ರತಿ ಗುಂಪಿಗೂ ಸುಮಾರು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬಟ್ಟೆ; ಹಳೆಯ ಪ್ರಿಂಟೆಡ್ ಸೀರೆಯ ತುಂಡಾದರೆ ಉತ್ತಮ. ಐದು ಬಣ್ಣದ ಕಾಗದದಿಂದ ಬಿಲ್ಲೆಗಳನ್ನು ಪಂಚ್ ಮಾಡಿಟ್ಟುಕೊಳ್ಳಿ. ಐದರಲ್ಲಿ ಎರಡು ಬಣ್ಣವಾದರೂ ಬಟ್ಟೆಯ ಬಣ್ಣಕ್ಕೆ ಹತ್ತಿರವಿರಬೇಕು. ಶುರುವಿಗೆ ಬಣ್ಣಕ್ಕೆ 20ರಂತೆ 100 ಸಾಕು, ಆದರೆ ಮುಂದೆ ಯಾವ ಬಣ್ಣ ಹೆಚ್ಚುತ್ತದೆಂದು ಮೊದಲೇ ತಿಳಿಯದು; ಹಾಗಾಗಿ ಗುಂಪಿಗೆ ಪ್ರತಿ ಬಣ್ಣದ 100 ಬಿಲ್ಲೆ ಇರಲಿ. ಇದನ್ನು ಹಿಂದಿನ ದಿನವೇ ಮುಗಿಸಿ. ತರಗತಿಯಲ್ಲಿ ಕೂತು ಪಂಚ್ ಮಾಡಿದರೆ 40 ನಿಮಿಷದ ಪೀರಿಯಡ್ ಅದರಲ್ಲೇ ಕಳೆದುಹೋಗುತ್ತದೆ.

ಒಂಬತ್ತು ಜನರಲ್ಲಿ ಐವರು ಹಕ್ಕಿಗಳು, ಇಬ್ಬರು ಬಿಲ್ಲೆ ಹರಡುವವರು, ಇಬ್ಬರು ಎಣಿಸಿ ಬರೆಯುವವರು. ಹರಡುವಾಗ ಹಕ್ಕಿಗಳು ಬೆನ್ನು ತಿರುಗಿಸಿರಬೇಕು. ನಂತರ ಪ್ರತಿ ಹಕ್ಕಿ ತಿರುಗಿ, ಕಣ್ಣಿಗೆ ಮೊದಲು ಬಿದ್ದ ಒಂದೇ ಬಿಲ್ಲೆ ಎತ್ತಿ, ಮತ್ತೆ ಮುಖ ತಿರುಗಿಸಿ ಡಬ್ಬಿಗೆ ಹಾಕಬೇಕು. ಹೀಗೆ ತಲಾ 15. ಒಟ್ಟು 75 ಹೋಗಿ 25 ಉಳಿಯುತ್ತವೆ. ಉಳಿದ ಪ್ರತಿ ಬಿಲ್ಲೆಗೂ ಅದೇ ಬಣ್ಣದ ಮೂರು ‘ಮರಿ’ ಸೇರಿಸಿ. ಮತ್ತೆ 100 ಆಯಿತು, ಒಂದು ತಲೆಮಾರು ಮುಗಿಯಿತು. ಇಂಥ ಮೂರು ಸುತ್ತು ಒಂದು ಪೀರಿಯಡ್‌ನಲ್ಲಿ ಆಗುತ್ತದೆ. ಪ್ರತಿ ಸುತ್ತಿನ ಲೆಕ್ಕವನ್ನು ಕರಿಹಲಗೆಯ ಮೇಲೆ ಕಂಬನಕ್ಷೆ ಮಾಡಿಸಿ.

ಕೆಡುವುದು ಎಲ್ಲಿ? ಮೊದಲು ಫ್ಯಾನು. ಆರಿಸಿಬಿಡಿ, ಇಲ್ಲವಾದರೆ ಬಿರುಗಾಳಿಯೇ ಆಯ್ಕೆ ಮಾಡುತ್ತದೆ. ಒಂದೇ ಮಗ್ಗುಲು ಬಣ್ಣವಿರುವ ಕ್ರಾಫ್ಟ್ ಪೇಪರ್ ತಂದರೆ ಅರ್ಧ ಬಿಲ್ಲೆ ಬಿಳಿ ಬೆನ್ನು ಮೇಲಾಗಿ ಬೀಳುತ್ತವೆ. ಎರಡೂ ಕಡೆ ಬಣ್ಣವಿರುವುದೇ ಬೇಕು. ಬಟ್ಟೆ ಸಾದಾ ಬಿಳಿಯಾದರೆ ಎಲ್ಲವೂ ಸಮಾನವಾಗಿ ಎದ್ದು ಕಾಣುತ್ತವೆ. ಹಕ್ಕಿಗಳು ಮುಖ ತಿರುಗಿಸದೆ ಕೈಯಿಂದ ಬಾಚಿದರೆ ಬಣ್ಣಕ್ಕೆ ಬೆಲೆಯೇ ಇಲ್ಲ. ಇನ್ನು, ಐದರಲ್ಲಿ ಒಂದು ಗುಂಪಿನ ಫಲಿತಾಂಶ ಉಳಿದವರಿಗಿಂತ ವಿಚಿತ್ರವಾಗಿ ಬರಬಹುದು. ಅದನ್ನು ಅಳಿಸಬೇಡಿ. 25 ಮಾತ್ರ ಉಳಿದಾಗ ಅದೃಷ್ಟಕ್ಕೂ ಪಾಲಿರುತ್ತದೆ. ಹಳೆಯ ಪಠ್ಯದ ಜೀರುಂಡೆ ಕಥೆಯಲ್ಲಿ ಆನೆ ತುಳಿದು ಒಂದೇ ಬಣ್ಣದವು ಉಳಿಯುವುದೂ ಇದೇ.

ಎಲ್ಲಕ್ಕಿಂತ ಮುಖ್ಯವಾದದ್ದು ಆಟ ಮುಗಿದ ಮೇಲೆ. ‘ಹಸಿರು ಯಾಕೆ ಹೆಚ್ಚಾಯಿತು?’ ಅಂತ ಕೇಳಿ. ‘ತಪ್ಪಿಸಿಕೊಳ್ಳೋಕೆ ಹಸಿರಾದವು’ ಅನ್ನುವ ಮಗು ಖಂಡಿತ ಇರುತ್ತದೆ. ಆಗ ಒಂದು ಕೆಂಪು ಬಿಲ್ಲೆ ಕೈಗೆ ಕೊಟ್ಟು, ‘ಇದು ಬಣ್ಣ ಬದಲಿಸಿದ್ದನ್ನು ನೋಡಿದೆಯಾ?’ ಅನ್ನಿ. ಒಂದೇ ಒಂದು ಬಿಲ್ಲೆಯೂ ಬದಲಾಗಿಲ್ಲ, ಗುಂಪಿನ ಲೆಕ್ಕ ಬದಲಾಯಿತು. ನಿಮ್ಮ ಜಿರಾಫೆ ಸಮಸ್ಯೆ ಬಗೆಹರಿಯುವುದು ಈ ಜಾಗದಲ್ಲಿ. ಸಮಯ ಮಿಕ್ಕರೆ ಉಳಿದ ಬಿಲ್ಲೆಗಳನ್ನು ಬೇರೆ ಬಣ್ಣದ ಬಟ್ಟೆಗೆ ವರ್ಗಾಯಿಸಿ. ಯಾವುದಾದರೂ ಬಣ್ಣ ಪೂರ್ತಿ ಅಳಿದಿದ್ದರೆ, ಹೊಸ ಬಟ್ಟೆಗೆ ಅದೇ ಬೇಕಾಗಿದ್ದರೂ ಅದು ಮರಳಿ ಬಾರದು. ನಿಜ ಜೀವಿಗಳಲ್ಲಿ ಉತ್ಪರಿವರ್ತನೆ, ಅಂದರೆ ಡಿಎನ್‌ಎಯಲ್ಲಾಗುವ ಬದಲಾವಣೆ, ಹೊಸ ಬಣ್ಣ ತರಬಹುದು, ಈ ಆಟದಲ್ಲಿ ಅದಿಲ್ಲ ಎಂಬುದನ್ನೂ ಹೇಳಿಬಿಡಿ.

ರಾಯಚೂರಿನಲ್ಲಿ ಇದ್ದೀರಿ ಅಂದಮೇಲೆ ಎರಡನೇ ಪಾಠ ಹೊಲದಲ್ಲೇ ಇದೆ: ಹತ್ತಿಯ ಗುಲಾಬಿ ಕಾಯಿಕೊರಕ. ಹುಳ ಕೊಲ್ಲುವ ಒಂದೇ ವಿಷ ಜೀನ್ ಇದ್ದ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತು. ಗುಜರಾತಿನಲ್ಲಿ ಅದನ್ನು ಜೀರ್ಣಿಸಿಕೊಳ್ಳುವ ಹುಳ ಕಂಡದ್ದನ್ನು ಆ ಬೀಜದ ಕಂಪನಿ ಮೊನ್ಸಾಂಟೊವೇ 2010ರಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ, 2006ರಿಂದ, ಎರಡು ಜೀನ್ ಇರುವ ಬೋಲ್‌ಗಾರ್ಡ್-2 ಬಂದಿತ್ತು. ಅದಕ್ಕೂ ಜಗ್ಗದ ಹುಳ ಮುಂದಿನ ಹತ್ತು ವರ್ಷದೊಳಗೆ ಹರಡಿತು. 450 ಗ್ರಾಂ ಬೀಜದ ಜೊತೆ ಬರುತ್ತಿದ್ದ 120 ಗ್ರಾಂ ಬಿಟಿ-ಅಲ್ಲದ ಬೀಜದ ಪೊಟ್ಟಣ ಏನಾಯಿತು ಅಂತ ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರಲಿ. ಬಹಳ ಕಡೆ ಅದನ್ನು ಬಿತ್ತಲೇ ಇಲ್ಲ. ಸುತ್ತಲಿನ ಸಾಲುಗಳಲ್ಲಿ ಅದನ್ನು ಬಿತ್ತಿದ್ದರೆ ವಿಷಕ್ಕೆ ಸಾಯುವ ಹುಳಗಳೂ ಅಲ್ಲಿ ಬದುಕಿ, ನಿರೋಧ ಪಡೆದವುಗಳ ಜೊತೆ ಕೂಡಿ, ಮರಿಗಳಲ್ಲಿ ನಿರೋಧ ಗುಣ ತೆಳುವಾಗುತ್ತಿತ್ತು. ಈ ಪಾಠಕ್ಕೆ ಊರಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ವಿರೋಧ ನಿರೀಕ್ಷಿಸುವ ಕಡೆ ಪಾಠವನ್ನು ಹುಳದಿಂದಲೇ ಶುರು ಮಾಡಿ, ಮನುಷ್ಯನಿಂದ ಬೇಡ.

ಮಂಗನಿಂದ ಮಾನವ ಅಂತಾರೆ. ಹಾಗಾದರೆ ಈಗಿನ ಮಂಗಗಳು ಯಾಕೆ ಮನುಷ್ಯರಾಗುತ್ತಿಲ್ಲ? ಆಗಿದ್ದನ್ನು ಯಾರಾದರೂ ನೋಡಿದ್ದಾರಾ?
— ಪಿಯುಸಿ ವಿದ್ಯಾರ್ಥಿ, ಹಾಸನ

ಇದೇ ಮಾತನ್ನು 2018ರ ಜನವರಿಯಲ್ಲಿ ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಆಡಿದ್ದರು. ಡಾರ್ವಿನ್ ವಾದ ತಪ್ಪು, ಪಠ್ಯದಿಂದ ತೆಗೆಯಬೇಕು ಅಂದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ದೇಶದ ಮೂರೂ ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು.

ಇಂದಿನ ಯಾವ ಮಂಗದಿಂದಲೂ ನಾವು ಬಂದಿಲ್ಲ. ಚಿಂಪಾಂಜಿಗೂ ನಮಗೂ ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜ ಗುಂಪು ಇತ್ತು. ಅದು ಚಿಂಪಾಂಜಿಯೂ ಅಲ್ಲ, ಮನುಷ್ಯನೂ ಅಲ್ಲ. ನಿಮ್ಮೂರಿನ ಕೋತಿ, ಮುಸುವಗಳ ಕವಲು ಅದಕ್ಕೂ ಬಹಳ ಹಿಂದೆ, ಎರಡೂವರೆ ಕೋಟಿ ವರ್ಷಕ್ಕೂ ಮುಂಚೆ ಬೇರೆಯಾಯಿತು. ದೊಡ್ಡಪ್ಪನ ಮಗ ನಿಮ್ಮ ಅಜ್ಜನಲ್ಲ, ಅವನು ಮುಂದೊಂದು ದಿನ ನೀವಾಗುವುದೂ ಇಲ್ಲ.

ನೋಡಿದವರು ಯಾರು ಅನ್ನುವುದಕ್ಕೆ: ಚಿಂಪಾಂಜಿಗೆ 24 ಜೊತೆ ವರ್ಣತಂತು (ಜೀವಕೋಶದಲ್ಲಿ ಡಿಎನ್‌ಎ ಹೊತ್ತ ಎಳೆ), ನಮಗೆ 23. ಪೂರ್ವಜ ಒಂದೇ ಆಗಿದ್ದರೆ ಒಂದು ಜೊತೆ ಎಲ್ಲಿ ಹೋಯಿತು? ಎರಡು ವರ್ಣತಂತು ತುದಿಗೆ ತುದಿ ಬೆಸೆದುಕೊಂಡಿರಬೇಕು. ವರ್ಣತಂತುಗಳ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಆರು ಅಕ್ಷರದ ಡಿಎನ್‌ಎ ಸಾಲು ಮತ್ತೆ ಮತ್ತೆ ಬರುತ್ತದೆ. ಬೆಸುಗೆ ನಿಜವಾದರೆ ಆ ಸಾಲು ನಮ್ಮ ಒಂದು ವರ್ಣತಂತುವಿನ ಒಳಗಡೆ, ಎದುರುಬದುರಾಗಿ ಸಿಗಬೇಕು. 1991ರಲ್ಲಿ ನಮ್ಮ ಎರಡನೇ ವರ್ಣತಂತುವಿನಲ್ಲಿ ಹಾಗೆಯೇ ಸಿಕ್ಕಿತು.

ಶಿಕ್ಷಕರಿಗೆ ಇಲ್ಲೊಂದು ಮಾತು. ಬಗ್ಗಿದ ಮಂಗ ಹಂತಹಂತವಾಗಿ ನೆಟ್ಟಗಾಗಿ ನಡೆಯುವ ಆ ಪ್ರಸಿದ್ಧ ಸಾಲುಚಿತ್ರವನ್ನು ಗೋಡೆಯಿಂದ ಇಳಿಸಿ. ಈ ಪ್ರಶ್ನೆ ಹುಟ್ಟಿಸುವುದೇ ಆ ಚಿತ್ರ. ಬದಲಿಗೆ ಪೊರಕೆ ಕಡ್ಡಿ, ದಾರದಿಂದ ತೂಗುಮರ ಮಾಡಿಸಿ: ಮೇಲೆ ಒಂದು ಕಡ್ಡಿ, ಅದರ ಒಂದು ತುದಿಗೆ ಮುಸುವ, ಇನ್ನೊಂದು ತುದಿಗೆ ಎರಡನೇ ಕಡ್ಡಿ, ಅದರಲ್ಲಿ ಗೊರಿಲ್ಲಾ ಮತ್ತು ಮೂರನೇ ಕಡ್ಡಿ, ಅದರಲ್ಲಿ ಚಿಂಪಾಂಜಿ, ಮನುಷ್ಯ. ಗಾಳಿಗೆ ಕಡ್ಡಿಗಳು ತಿರುಗಿದಾಗ ಮನುಷ್ಯ ಕೆಲವೊಮ್ಮೆ ನಡುವೆ, ಕೆಲವೊಮ್ಮೆ ತುದಿಯಲ್ಲಿ ಬರುತ್ತಾನೆ. ಸಂಬಂಧ ಮಾತ್ರ ಬದಲಾಗದು. ಎಲ್ಲ ಚಿತ್ರಗಳೂ ಒಂದೇ ಮಟ್ಟದಲ್ಲಿ ತೂಗುವಂತೆ ದಾರದ ಉದ್ದ ಹೊಂದಿಸಿ, ಎಲ್ಲರೂ ಇಂದು ಬದುಕಿರುವವರೇ ತಾನೆ.

ದಶಾವತಾರದ ಮೂಲಕ ಜೀವವಿಕಾಸ ಹೇಳಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ, ಪೋಷಕರಿಗೂ ಸಂತೋಷ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಸರಿಯಾಗಿ ಕ್ರಮದಲ್ಲೇ ಇವೆಯಲ್ಲ. ಇದರಲ್ಲಿ ತಪ್ಪೇನು?
— ಖಾಸಗಿ ಶಾಲಾ ಶಿಕ್ಷಕರು, ಶಿವಮೊಗ್ಗ

ಈ ಹೋಲಿಕೆ ಹೊಸದಲ್ಲ. ಡಾರ್ವಿನ್ ಬದುಕಿದ್ದಾಗಲೇ, 1877ರಲ್ಲಿ, ಥಿಯಾಸಫಿ ಎಂಬ ಅಧ್ಯಾತ್ಮ ಪಂಥದ ಮೇಡಂ ಬ್ಲಾವಟ್ಸ್ಕಿ ಬರೆದಿದ್ದರು. ಭಾರತಕ್ಕೆ ಬಂದು ನೆಲೆಸಿದ ಜೀವವಿಜ್ಞಾನಿ ಹಾಲ್ಡೇನ್ ಕೂಡ ಇದನ್ನು ಮೆಚ್ಚಿ ಮಾತಾಡಿದ್ದುಂಟು. ಆದರೂ ಪಾಠಕ್ಕೆ ಬೇಡ ಅನ್ನುತ್ತೇವೆ. ಧರ್ಮದ ಪ್ರಶ್ನೆ ಆಮೇಲೆ. ಮೊದಲು ಅದು ಕಲಿಸುವ ಜೀವಶಾಸ್ತ್ರವೇ ತಪ್ಪು.

ಆಮೆಯನ್ನು ನೀರು-ನೆಲ ಎರಡರ ಉಭಯವಾಸಿ ಅಂತ ಇಲ್ಲಿ ಕೂರಿಸುತ್ತಾರೆ. ಆಮೆ ಸರೀಸೃಪ, ಕಪ್ಪೆಯ ಗುಂಪಿನದ್ದಲ್ಲ. ಕಡಲಾಮೆ ಕೂಡ ಮೊಟ್ಟೆ ಇಡಲು ದಡಕ್ಕೆ ಬರಬೇಕು, ಏಕೆಂದರೆ ಅದರ ಮೊಟ್ಟೆ ನೆಲದ ಮೊಟ್ಟೆ. ಹಂದಿಗೂ ಮನುಷ್ಯನಿಗೂ ನಡುವೆ ಸಿಂಹ ಬರುವುದಿಲ್ಲ. ಸಿಂಹದ ಕವಲೇ ಬೇರೆ. ವಾಮನನಿಂದ ಪರಶುರಾಮ, ರಾಮ ಅಂದರೆ ಕುಳ್ಳರಿಂದ ಎತ್ತರದವರು, ಒರಟರಿಂದ ಸಭ್ಯರು ಅನ್ನುವ ಅರ್ಥ ಮಕ್ಕಳ ತಲೆಗೆ ಹೋಗುತ್ತದೆ. ಇದು ಹಿಂದೆ ಹೇಳಿದ ಸಾಲುಚಿತ್ರದ್ದೇ ದೋಷ: ಜೀವಲೋಕ ಮನುಷ್ಯನತ್ತ ಹತ್ತುವ ಏಣಿಯಾಗಿಬಿಡುತ್ತದೆ. ಇನ್ನೂ ಒಂದು. ವರಾಹ ಕೂರ್ಮದ ಸಂತಾನ ಅಂತ ಯಾವ ಪುರಾಣವೂ ಹೇಳುವುದಿಲ್ಲ. ಅವತಾರ ಅಂದರೆ ಇಳಿದು ಬರುವುದು, ಕಾರಣ ಧರ್ಮರಕ್ಷಣೆ. ಪುರಾಣವನ್ನು ಹೀಗೆ ಜೀವಶಾಸ್ತ್ರಕ್ಕೆ ಎಳೆದರೆ ಪುರಾಣಕ್ಕೂ ನ್ಯಾಯವಾಗದು.

ತರಗತಿಯಲ್ಲಿ ಮಗುವೇ ಎದ್ದು ಕೇಳಿದರೆ ಗದರಬೇಡಿ, ನಗಬೇಡಿ. ‘ಆ ಕಥೆ ಏನನ್ನು ಹೇಳಲು ಹೊರಟಿದೆ? ಈ ಪಾಠ ಏನನ್ನು ಹೇಳುತ್ತಿದೆ? ಆಮೆ ಯಾವ ಗುಂಪು, ಹುಡುಕು’ ಅನ್ನಿ. ಮುಸ್ಲಿಂ, ಕ್ರೈಸ್ತ ಮಕ್ಕಳೂ ಅದೇ ಬೆಂಚಿನ ಮೇಲೆ ಕೂತಿರುತ್ತಾರೆ. ಒಂದು ಧರ್ಮದ ಕಥೆಯಿಂದ ಪಾಠ ಕಟ್ಟಿದರೆ ಆ ಪಾಠ ತಮ್ಮದಲ್ಲ ಅಂತ ಅವರಿಗೆ ಅನಿಸುವುದು ಸಹಜ.

ನಮ್ಮಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ವಿಜ್ಞಾನಿಗಳು ಭೂಮಿಗೆ 454 ಕೋಟಿ ಅನ್ನುತ್ತಾರೆ. ಹಿರಿಯರಿಗೆ ಮೊದಲೇ ಗೊತ್ತಿತ್ತು ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಮಕ್ಕಳಿಗೆ ಏನು ಹೇಳಲಿ?
— ಶಿಕ್ಷಕರು, ಬೆಂಗಳೂರು

ಅಷ್ಟು ದೊಡ್ಡ ಕಾಲವನ್ನು ಕಲ್ಪಿಸಿಕೊಂಡದ್ದು ಸಣ್ಣ ಸಾಧನೆಯಲ್ಲ, ಅದನ್ನು ಹೇಳಿ. ಆದರೆ ಸಾಂಪ್ರದಾಯಿಕ ಲೆಕ್ಕದಂತೆ ಈ ಕಲ್ಪ, ಅಂದರೆ ಬ್ರಹ್ಮನ ಈಗಿನ ಹಗಲು, ಶುರುವಾಗಿ ಕಳೆದದ್ದು ಸುಮಾರು 197 ಕೋಟಿ ವರ್ಷ. 432 ಕೋಟಿ ಪೂರ್ತಿ ಹಗಲಿನ ಅವಧಿ. ಅಂದರೆ ಸಂಪ್ರದಾಯ ಹೇಳುವ ಉತ್ತರವೇ 454ಕ್ಕೆ ಹೊಂದುವುದಿಲ್ಲ. ಭೂಮಿಯ ವಯಸ್ಸು ಬಂದದ್ದು ಅಳತೆಯಿಂದ. 1956ರಲ್ಲಿ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳಲ್ಲಿ ಸೀಸದ ಐಸೋಟೋಪುಗಳನ್ನು (ಬೇರೆ ಬೇರೆ ತೂಕದ ಸೀಸದ ಪರಮಾಣುಗಳನ್ನು) ಅಳೆದು 455 ಕೋಟಿ, ಏಳು ಕೋಟಿ ಆಚೀಚೆ, ಅಂದ.

ಇದನ್ನು ಮೈದಾನದಲ್ಲಿ ತೋರಿಸಿ. 46 ಮೀಟರ್ ಹಗ್ಗ ತನ್ನಿ. ಒಂದು ಸೆಂಟಿಮೀಟರ್‌ಗೆ ಹತ್ತು ಲಕ್ಷ ವರ್ಷ. ಒಂದು ತುದಿ ಇಂದು, ಅಲ್ಲಿಂದ ಹಿಂದಕ್ಕೆ ಅಳೆಯಿರಿ. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು, ಅಂದರೆ 30 ಮೀಟರ್. ನೆಲಕ್ಕೆ ಬಂದ ನಾಲ್ಕು ಕಾಲಿನ ಪ್ರಾಣಿ 3.7 ಮೀಟರ್. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಬಂಡೆಗಳು, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ್ದು, 88 ಸೆಂಟಿಮೀಟರ್. ಡೈನೋಸಾರ್‌ಗಳ ಅಂತ್ಯ, ಹೆಚ್ಚುಕಡಿಮೆ ಬೀದರ್-ವಿಜಯಪುರದ ಕರಿಕಲ್ಲಿನ ಲಾವಾ ಹರಿದ ಹೊತ್ತು, 66 ಸೆಂಟಿಮೀಟರ್. ನಮ್ಮ ಪ್ರಭೇದಕ್ಕೆ ಮೂರೇ ಮಿಲಿಮೀಟರ್. ಜಾಗ ಕಮ್ಮಿ ಅಂತ 4.6 ಮೀಟರ್‌ಗೆ ಇಳಿಸಬೇಡಿ, ಮನುಷ್ಯ ಕಣ್ಣಿಗೇ ಕಾಣದಷ್ಟಾಗುತ್ತಾನೆ. ಪ್ಲಾಸ್ಟಿಕ್ ಹಗ್ಗ ಎಳೆದರೆ ಹಿಗ್ಗುತ್ತದೆ, ಗುರುತು ತಪ್ಪುತ್ತದೆ. ನಾರಿನ ಹಗ್ಗ ಮೇಲು. ಮಕ್ಕಳು ಎಡವುವುದು ಸಾವಿರ, ಲಕ್ಷ, ಕೋಟಿಗಳ ಸೊನ್ನೆಯಲ್ಲಿ. ಹಾಗಾಗಿ ಗುರುತು ಕಟ್ಟುವ ಮೊದಲು ಪ್ರತಿ ಗುಂಪೂ ತನ್ನ ಲೆಕ್ಕ ಬರೆದು ತೋರಿಸಲಿ.

‘ನಡುವಿನ ಪಳೆಯುಳಿಕೆ ಒಂದೂ ಸಿಕ್ಕಿಲ್ಲ’ ಅಂತ ನಮ್ಮ ಊರಿನ ಪ್ರವಚನಕಾರರು ಹೇಳುತ್ತಾರೆ. ಭಾರತದಲ್ಲೇ ಸಿಕ್ಕಿದ್ದು ಇದೆಯೇ?
— ಓದುಗರು, ಬಾಗಲಕೋಟೆ

ಇದೆ. ನೆಲದ ಪ್ರಾಣಿಗಳಿಂದ ತಿಮಿಂಗಿಲ ವಿಕಾಸವಾದ ಕಥೆ ಬಹುಪಾಲು ನಮ್ಮ ಉಪಖಂಡದ್ದೇ. ಜಮ್ಮುವಿನ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿಟ್ಟ ಕಲ್ಲುಗಳನ್ನು ಅವರ ನಂತರ ಒಡೆದು ನೋಡಿದಾಗ ಇಂಡೋಹಯಸ್ ಎಂಬ ಪ್ರಾಣಿಯ ಮೂಳೆಗಳು ಸಿಕ್ಕವು. ಪಳೆಯುಳಿಕೆ ವಿಜ್ಞಾನಿ ಹಾನ್ಸ್ ಥ್ಯೂವಿಸನ್ ತಂಡ ಅದನ್ನು 2007ರಲ್ಲಿ ಪ್ರಕಟಿಸಿತು. ಸುಮಾರು 4.8 ಕೋಟಿ ವರ್ಷ ಹಳೆಯದು, ಬೆಕ್ಕಿನಷ್ಟು ಗಾತ್ರ, ಜಿಂಕೆಯಂಥ ಕಾಲು. ಆದರೆ ಕಿವಿಯ ಮೂಳೆಯ ಒಳಗೋಡೆ ದಪ್ಪ, ಅದು ತಿಮಿಂಗಿಲದ ಗುರುತು. ಕಾಲಿನ ಮೂಳೆಯೂ ನೀರಲ್ಲಿ ನಡೆಯುವ ಪ್ರಾಣಿಗಳಂತೆ ಭಾರ. ಕಾಲುಗಳಿದ್ದ ಆದಿ ತಿಮಿಂಗಿಲಗಳಲ್ಲಿ ಪಾಕಿಸೀಟಸ್, ಆಂಬುಲೋಸೀಟಸ್ ಪಾಕಿಸ್ತಾನದಲ್ಲಿ ಸಿಕ್ಕವು, ನಮ್ಮ ಕಛ್‌ನಲ್ಲಿ ಕಚ್ಚಿಸೀಟಸ್.

ಕಾರ್ಡು ಮಾಡಿ ಮಕ್ಕಳಿಂದ ಜೋಡಿಸುವಾಗ ಒಂದು ಎಚ್ಚರ: ಪಾಕಿಸೀಟಸ್ ಇಂಡೋಹಯಸ್‌ಗಿಂತ ತುಸು ಹಳೆಯದು. ‘ಇದರಿಂದ ಅದು ಹುಟ್ಟಿತು’ ಅಂತ ಸಾಲು ಹಿಡಿದರೆ ತಕರಾರು ತೆಗೆಯುವವರು ಅಲ್ಲೇ ಹಿಡಿಯುತ್ತಾರೆ, ಅದು ಸರಿಯೂ ಹೌದು. ಇಂಡೋಹಯಸ್ ತಿಮಿಂಗಿಲದ ಅಜ್ಜನಲ್ಲ, ಅದರ ಹತ್ತಿರದ ಬಳಗ. ಯಾವ ಗುಣ ಯಾವ ಪ್ರಾಣಿಯಲ್ಲಿದೆ ಅಂತ ಪಟ್ಟಿ ಮಾಡಿಸಿ, ಬಾಣ ಎಳೆಸಬೇಡಿ.

ಮಗುವಿನ ತಂದೆಯೊಬ್ಬರು ಬಂದು ‘ನಮ್ಮ ನಂಬಿಕೆಗೆ ಧಕ್ಕೆ, ಈ ಪಾಠ ಬಿಡಿ’ ಅಂದರು. ಮುಖ್ಯೋಪಾಧ್ಯಾಯರು ‘ಸುಮ್ಮನೆ ಯಾಕೆ ರಗಳೆ, ಓದಿಕೊಳ್ಳಿ ಅಂತ ಹೇಳಿ ಮುಂದೆ ಹೋಗಿ’ ಅನ್ನುತ್ತಿದ್ದಾರೆ. ಕೇಸ್ ಆಗುತ್ತದೆಯೇ?
— ಶಿಕ್ಷಕಿ, ಊರು ಬೇಡ ಎಂದಿದ್ದಾರೆ

ನಮ್ಮ ದೇಶದಲ್ಲಿ ಈ ಪಾಠ ಸಾಯುವುದು ಬಹುತೇಕ ಹೀಗೆಯೇ. 1925ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಜೀವವಿಕಾಸ ಕಲಿಸಿದ್ದಕ್ಕೆ ಶಿಕ್ಷಕ ಸ್ಕೋಪ್ಸ್‌ಗೆ ಆದಂತೆ ಕೋರ್ಟು, 100 ಡಾಲರ್ ದಂಡ ಯಾವುದೂ ಇಲ್ಲಿ ನಡೆಯುವುದಿಲ್ಲ. ‘ಓದಿಕೊಳ್ಳಿ’ ಅನ್ನುವ ಒಂದು ಮಾತು ಸಾಕು.

ನಿಗದಿತ ಪಠ್ಯವನ್ನು ಪಠ್ಯದಂತೆ ಕಲಿಸುವುದು ಅಪರಾಧವಲ್ಲ. ಧಾರ್ಮಿಕ ಭಾವನೆ ಕೆರಳಿಸುವ ಅಪರಾಧ, ಹಿಂದಿನ 295ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, ಬೇಕೆಂದೇ ದುರುದ್ದೇಶದಿಂದ ಅವಮಾನಿಸಿದ್ದಕ್ಕೆ ಅನ್ವಯ. ಸಂವಿಧಾನದ 51ಎ(ಎಚ್) ವೈಜ್ಞಾನಿಕ ಮನೋಭಾವ ಬೆಳೆಸುವುದನ್ನು ನಾಗರಿಕರ ಕರ್ತವ್ಯ ಎಂದಿದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ 28ನೇ ವಿಧಿ.

ಕಾನೂನಿಗಿಂತ ನಿಮ್ಮನ್ನು ಕಾಯುವುದು ನಿಮ್ಮ ಪಾಠಯೋಜನೆ. ಅಧ್ಯಾಯ, ಪುಟ, ದಿನಾಂಕ, ಚಟುವಟಿಕೆ ಬರೆದು ಮುಖ್ಯೋಪಾಧ್ಯಾಯರ ಸಹಿ ಮಾಡಿಸಿ. ಕೈಬಿಡಿ ಅಂದರೆ ‘ಬರಹದಲ್ಲಿ ಕೊಡಿ ಸರ್’ ಅನ್ನಿ. ಬಹುಮಟ್ಟಿಗೆ ಯಾರೂ ಕೊಡುವುದಿಲ್ಲ. ತರಗತಿಯಲ್ಲಿ ‘ದೇವರನ್ನು ನಂಬುವವರು ಕೈ ಎತ್ತಿ’ ಅನ್ನಬೇಡಿ, ಹನುಮಂತನ ಮೇಲೆ ಹಾಸ್ಯ ಬೇಡ, ಆದಾಮನ ಮೇಲೂ ಬೇಡ. ತಂದೆಯವರನ್ನು ಕೂರಿಸಿ ಪುಸ್ತಕದ ಪುಟವನ್ನೇ ತೋರಿಸಿ. ಎಷ್ಟೋ ಸಲ ಸಿಟ್ಟು ಇರುವುದು ಪುಸ್ತಕದಲ್ಲಿ ಇಲ್ಲದ ಮಾತಿನ ಮೇಲೆ. ‘ದೇವರಿಲ್ಲ ಅಂತ ಕಲಿಸುತ್ತೀರಾ?’ ಅಂದರೆ, ಇಲ್ಲ, ಆ ಪ್ರಶ್ನೆ ಈ ಪಾಠದಲ್ಲಿಲ್ಲ ಎನ್ನುವುದೇ ನಿಜವಾದ ಉತ್ತರ. ಕ್ರೈಸ್ತ ಪೋಷಕರಾದರೆ, 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇದು ಬರಿಯ ಊಹೆಗಿಂತ ಹೆಚ್ಚಿನದು ಎಂದು ಒಪ್ಪಿದ್ದನ್ನು ತಿಳಿಸಬಹುದು. ಒಂದೇ ಧರ್ಮದವರ ವಿರೋಧ ಇದು ಅಂತ ಭಾವಿಸಬೇಡಿ. 2017ರಲ್ಲಿ ಟರ್ಕಿ ಒಂಬತ್ತನೇ ತರಗತಿಯಿಂದ ಈ ಅಧ್ಯಾಯ ಕಿತ್ತುಹಾಕಿತು. ಆದರೂ ಬಗೆಹರಿಯದಿದ್ದರೆ ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬರೇ ಕೂರಬೇಡಿ, ಇನ್ನೊಬ್ಬ ವಿಜ್ಞಾನ ಶಿಕ್ಷಕರನ್ನು ಜೊತೆಗೆ ಕರೆದೊಯ್ಯಿರಿ.

ನಾವು ಟೆನೆಸಿಯಲ್ಲಿದ್ದೇವೆ. ಶಾಲೆಯಲ್ಲಿ ಜೀವವಿಕಾಸದ ‘ಬಲ-ದೌರ್ಬಲ್ಯ ಎರಡೂ’ ಕಲಿಸುತ್ತೇವೆ ಅಂತ ಹೇಳಿದರು. ಒಳ್ಳೆಯದೇ ಅಲ್ಲವೇ?
— ಓದುಗರು, ಅಮೆರಿಕ

ಕೇಳಲು ಚೆನ್ನಾಗಿದೆ. ಅಲ್ಲಿನ 2012ರ ಕಾಯ್ದೆ ಶಿಕ್ಷಕರಿಗೆ ಅಂಥ ಅವಕಾಶ ಕೊಟ್ಟಿದೆ, ಧರ್ಮ ಕಲಿಸಲು ಅಲ್ಲ. ದೌರ್ಬಲ್ಯ ಅಂತ ಏನನ್ನು, ಯಾವ ಪುಸ್ತಕದಿಂದ ಕಲಿಸುತ್ತಾರೆ ಅಂತ ಕೇಳಿ ನೋಡಿ. ‘ಬುದ್ಧಿವಂತ ವಿನ್ಯಾಸ’ (ಜೀವಿಗಳನ್ನು ಯಾರೋ ಬುದ್ಧಿವಂತ ವಿನ್ಯಾಸಕ ರೂಪಿಸಿದ ಎನ್ನುವ ವಾದ) ಅನ್ನುವ ಹೆಸರು ಬಂದರೆ, ಅದು ವಿಜ್ಞಾನವಲ್ಲ ಎಂದು ಪೆನ್ಸಿಲ್ವೇನಿಯಾದ ಡೋವರ್ ಪ್ರಕರಣದಲ್ಲಿ ಫೆಡರಲ್ ನ್ಯಾಯಾಧೀಶ ಜಾನ್ ಜೋನ್ಸ್ 2005ರಲ್ಲೇ ತೀರ್ಪು ಕೊಟ್ಟಿದ್ದಾರೆ. ಆ ತೀರ್ಪು ಟೆನೆಸಿಯನ್ನು ಕಟ್ಟಿಹಾಕುವುದಿಲ್ಲ. ಸೃಷ್ಟಿವಾದವನ್ನು ಜೊತೆಗೆ ಕಲಿಸಲೇಬೇಕೆಂಬ ಲೂಸಿಯಾನದ ಕಾಯ್ದೆಯನ್ನು ರದ್ದು ಮಾಡಿದ 1987ರ ಸುಪ್ರೀಂ ಕೋರ್ಟ್ ತೀರ್ಪು ದೇಶಕ್ಕೆಲ್ಲ ಅನ್ವಯ.

ಒಬ್ಬ ವಿದ್ಯಾರ್ಥಿ ಪರೀಕ್ಷೆಯಲ್ಲಿ ‘ದೇವರೇ ಎಲ್ಲವನ್ನೂ ಸೃಷ್ಟಿಸಿದ, ಡಾರ್ವಿನ್ ಸುಳ್ಳು’ ಅಂತ ಬರೆದಿದ್ದಾನೆ. ಎಷ್ಟು ಅಂಕ ಕೊಡಲಿ?
— ಶಿಕ್ಷಕರು, ಕಾರವಾರ

ಮೊದಲು ನಿಮ್ಮ ಪ್ರಶ್ನೆ ನೋಡಿಕೊಳ್ಳಿ. ‘ಮನುಷ್ಯ ಹೇಗೆ ಹುಟ್ಟಿದ?’ ಅಂತ ಕೇಳಿದರೆ ಇಂಥ ಉತ್ತರವನ್ನು ಕರೆದು ಕೂರಿಸಿದಂತೆ. ಬದಲಿಗೆ ಅಂಕಿ ಕೊಟ್ಟು ಕೇಳಿ: ‘ಬಣ್ಣದ ಬಿಲ್ಲೆಯ ಆಟದಲ್ಲಿ ಹಸಿರು 20 ಇತ್ತು, ಮೂರು ಸುತ್ತಿನ ನಂತರ 56 ಆಯಿತು. ಕಾರಣ ವಿವರಿಸಿ.’ ನಾಲ್ಕು ಅಂಕ: ಮೊದಲೇ ಭಿನ್ನತೆ ಇತ್ತು ಎಂಬುದಕ್ಕೆ ಒಂದು, ಕೆಲವು ಹೆಚ್ಚು ಉಳಿದವು ಎಂಬುದಕ್ಕೆ ಒಂದು, ಉಳಿದವುಗಳ ಗುಣ ಮರಿಗಳಿಗೆ ಬಂತು ಎಂಬುದಕ್ಕೆ ಒಂದು, ಬದಲಾದದ್ದು ಗುಂಪೇ ಹೊರತು ಒಂದೊಂದು ಬಿಲ್ಲೆಯಲ್ಲ ಎಂಬುದಕ್ಕೆ ಒಂದು. ‘ಬದುಕಬೇಕು ಅಂತ ಹಸಿರಾದವು’ ಅಂತ ಬರೆದರೆ ಕೊನೆಯ ಅಂಕ ಇಲ್ಲ.

ಈ ಉತ್ತರಪತ್ರಿಕೆಗೆ ಬಂದರೆ, ಕೇಳಿದ್ದಕ್ಕೆ ಉತ್ತರ ಇಲ್ಲದಿದ್ದರೆ ಸೊನ್ನೆ, ಬೇರೆ ಯಾವ ಪ್ರಶ್ನೆಗೂ ಕೊಡುವಂತೆ. ಕೆಂಪು ಪೆನ್ನಿನಲ್ಲಿ ಅವನ ನಂಬಿಕೆಯ ಬಗ್ಗೆ ಏನೂ ಬರೆಯಬೇಡಿ. ‘ಡಾರ್ವಿನ್‌ನ ವಿವರಣೆ ಏನು ಎಂದು ಕೇಳಲಾಗಿತ್ತು’ ಎಂದಷ್ಟೇ ಬರೆಯಿರಿ. ವಿವರಣೆ ಸರಿಯಾಗಿ ಬರೆದು ಕೆಳಗೆ ‘ಆದರೆ ನಾನು ನಂಬುವುದಿಲ್ಲ’ ಅಂತ ಒಂದು ಸಾಲು ಸೇರಿಸಿದ್ದರೆ ಪೂರ್ತಿ ಅಂಕ ಕೊಡಿ.